ಜಾಲಿಕಾಯಿಯ ಮದಿರೆ

ಊರಿನ ಹೆಸರು ಹೊತ್ತು ಮೆರೆಯುವ ವಸ್ತುಗಳು ಹಲವುಂಟು. ಮೈಸೂರಿಗೆ ಪಾಕ, ಧಾರವಾಡಕ್ಕೆ ಪೇಡೆ, ನಮ್ಮ ಹಡಗಲಿಗೆ ಮಲ್ಲಿಗೆ. ಬಳ್ಳಾರಿಯ ಪಾಲಿಗೆ ಬಂದದ್ದು ಮಾತ್ರ ಜಾಲಿಯ ಮುಳ್ಳು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ವಿಜಯನಗರ ಜಿಲ್ಲೆಗೆ ಸೇರಿದವು. ಕಚೇರಿಯ ಬೋರ್ಡುಗಳು ಬದಲಾದವು. ನಮ್ಮ ಬೇಲಿಯ ಜಾಲಿ ಮಾತ್ರ ಬಳ್ಳಾರಿ ಜಾಲಿಯಾಗಿಯೇ ಉಳಿಯಿತು.

ಹೆಸರು ನಮ್ಮದಾದರೂ ಹುಟ್ಟು ನಮ್ಮದಲ್ಲ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಸೌದೆಯಾದೀತು, ಬರಡು ನೆಲ ಹಸಿರಾದೀತು ಎಂದು ಆಂಗ್ಲ ಅಧಿಕಾರಿಗಳು ತರಿಸಿದರು. ಮುಂದಿನ ಕೆಲಸವನ್ನು ನಮ್ಮ ಕುರಿಮೇಕೆಗಳು ವಹಿಸಿಕೊಂಡವು. ಸಿಹಿಯಾದ ಕಾಯಿ ತಿಂದು, ಅರಗದ ಬೀಜವನ್ನು ಗೊಬ್ಬರಸಮೇತ ಗೋಮಾಳದಲ್ಲಿಯೂ ಕೆರೆಯಂಗಳದಲ್ಲಿಯೂ ಬಿತ್ತಿದವು. ಇಷ್ಟು ಅಚ್ಚುಕಟ್ಟಾದ ಬಿತ್ತನೆ ಯಾವ ಇಲಾಖೆಗೂ ಸಾಧ್ಯವಾಗಿರಲಾರದು.

ಆ ಕಾಯಿಯ ಸಿಹಿಯೇ ನನ್ನ ಕುತೂಹಲಕ್ಕೆ ಕಾರಣ. ಅರ್ಜೆಂಟೀನಾ ಮೊದಲಾದ ಕಡೆ ಇದರ ದಾಯಾದಿ ಮರಗಳ ಕಾಯಿಯನ್ನು ಕುಟ್ಟಿ, ನೀರಿನಲ್ಲಿ ನೆನೆಹಾಕಿ, ಹುಳಿಬರಿಸಿ ‘ಅಲೋಹ’ ಎಂಬ ಪಾನೀಯ ಮಾಡುತ್ತಾರೆ. ಬಿಯರಿಗಾದರೆ ಧಾನ್ಯವನ್ನು ಮೊಳಕೆ ಬರಿಸಿ ಹಿಟ್ಟಿನ ಅಂಶವನ್ನು ಸಕ್ಕರೆಯಾಗಿಸಬೇಕು. ಇಲ್ಲಿ ಆ ಗೋಜಿಲ್ಲ, ಕಾಯಿಯೊಳಗಿನ ಸಕ್ಕರೆಯೇ ಹುದುಗಿ ಮದ್ಯವಾಗುತ್ತದೆ. ಇದನ್ನು ಕೇಳಿದ ಗೆಳೆಯರೊಬ್ಬರು, “ಹಂಗಾರ ಸಾರ್, ನಮ್ ಸೀಮಿ ತುಂಬ ಹೆಂಡದಂಗಡೀನ ಬೆಳದು ನಿಂತೈತಲ್ರೀ!” ಎಂದು ನಕ್ಕರು.

ನಾನೂ ನಕ್ಕೆ, ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ಚಿಗಪ್ಪನ ಎರಡೆಕರೆ ಜೋಳದ ಹೊಲ ಸಾರಾಯಿಯಲ್ಲಿ ಕರಗಿಹೋಯಿತು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ಹೊತ್ತಿಗೆ ಹೊಲವೂ ಇರಲಿಲ್ಲ, ಚಿಗಪ್ಪನೂ ಇರಲಿಲ್ಲ. ಚಿಗವ್ವ ಕೊಡಲಿ ಹಿಡಿದು ಹೋದದ್ದು ಇದೇ ಜಾಲಿಯ ಪೊದೆಗೆ. ಸೌದೆ ಕಡಿದು ಮಾರಿ ಮೂವರು ಮಕ್ಕಳನ್ನು ಓದಿಸಿದಳು. ಒಳಗೇ ಮುರಿದ ಮುಳ್ಳುಗಳ ಕಪ್ಪು ಚುಕ್ಕೆಗಳು ಅವಳ ಅಂಗೈಯಲ್ಲಿ ಇಂದಿಗೂ ಇವೆ.

ಅಲೋಹದ ಸಂಗತಿಯನ್ನು ಅವಳಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಕಿ ತಿಂದ್ರ ಹಾಲಾಗತೈತಿ. ಮನಷಾ ಕುಡದ್ರ ಏನಾಗತೈತಿ ಅಂತ ನಿನಗ ಗೊತ್ತಿಲ್ಲೇನೋ ತಮ್ಮಾ?” ಎಂದಳು.

ಕಾಯಿಯನ್ನು ಬೀಸಿ ಹಿಟ್ಟು ಮಾಡಬಹುದು, ಹುರಿದು ಕಾಫಿಯಂಥ ಪುಡಿಯನ್ನೂ ಮಾಡಬಹುದು. ಮುಳ್ಳನ್ನು ಬೈಯುತ್ತ ಕೂರುವುದಕ್ಕಿಂತ ಸಿಹಿಯನ್ನು ಬಳಸಿಕೊಳ್ಳುವುದು ಮೇಲೆಂದೇ ನನ್ನ ಬುದ್ಧಿ ಹೇಳುತ್ತದೆ. ಆದರೆ ಆ ಸಿಹಿ ಯಾರ ಮನೆಯಲ್ಲಿ ಏನಾಗಬೇಕೆಂಬುದನ್ನು, ಮುಳ್ಳು ಚುಚ್ಚಿಸಿಕೊಂಡವರನ್ನು ಕೇಳಿಯೇ ತೀರ್ಮಾನಿಸುವುದು ನ್ಯಾಯ.