ಅವ್ವನ ಜಪಸರ

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಆತನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಟ್ಟು ನೆನೆಯುತ್ತಾರೆ. ತಿಮೊಥೇಯನ ವಿಶ್ವಾಸವು ಮೊದಲು ಆ ಇಬ್ಬರು ಹೆಂಗಸರಲ್ಲಿ ನೆಲೆಸಿತ್ತೆಂಬುದು ಅವರ ಮಾತಿನ ತಾತ್ಪರ್ಯ. ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವೆಂದು ಆರಂಭಿಸಿದ ಮೇಲೆ, ಆ ದಿನದ ಪ್ರಬೋಧನೆಯಲ್ಲಿ ನಾನು ಈ ಇಬ್ಬರನ್ನು ತಪ್ಪದೆ ಸ್ಮರಿಸುತ್ತೇನೆ. ಆಗೆಲ್ಲ ನನ್ನ ಅವ್ವ ಕಣ್ಣ ಮುಂದೆ ನಿಲ್ಲುತ್ತಾಳೆ. ಆಕೆಯ ಕುರಿತು ದೇವಾಲಯದಲ್ಲಿ ನಿಂತು ಹೇಳಲು ಬಾಯಿ ಬಾರದ ಸಂಗತಿಯೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವ್ವನ ತವರು ತಿ. ನರಸೀಪುರದ ಬಳಿಯ ಒಂದು ಹಳ್ಳಿ. ಹದಿನೆಂಟರ ಹರೆಯದಲ್ಲಿ, 1963ರಲ್ಲಿ, ನಂಜನಗೂಡಿಗೆ ಮದುವೆಯಾಗಿ ಬಂದಳು. ಆಕೆಯ ವಿವಾಹದ ಬಲಿಪೂಜೆ ಲತೀನ್ ಭಾಷೆಯಲ್ಲಿ ನಡೆದಿತ್ತು. ಅದೇ ವರ್ಷದ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯಲ್ಲಿ ಜನಭಾಷೆಗೆ ದಾರಿ ತೆರೆಯಿತು. "ನನ್ನ ಮದುವೇಲಿ ಸ್ವಾಮಿಗಳು ಏನು ಹೇಳಿದ್ರೋ ನನಗೆ ಗೊತ್ತಾಗಲಿಲ್ಲ. ದೇವರಿಗೆ ಗೊತ್ತಾಯ್ತು, ಅಷ್ಟು ಸಾಕು" ಎಂದು ನಗುತ್ತಿದ್ದಳು.

ನಂಜನಗೂಡನ್ನು ದಾಟಿದ ಕಪಿಲೆಯು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಅವ್ವ ನೀರನ್ನು ತೋರಿಸಿ, "ಇದು ನಮ್ಮ ಊರ ಕಡೆ ಹೋಗೋ ನೀರು" ಎನ್ನುತ್ತಿದ್ದಳು. ತವರಿಗೆ ಹೋಗಲು ಆಕೆಗೆ ವರ್ಷಕ್ಕೊಮ್ಮೆಯೂ ಬಿಡುವಿರುತ್ತಿರಲಿಲ್ಲ. ಶ್ರೀಕಂಠೇಶ್ವರನ ದೊಡ್ಡಜಾತ್ರೆಯು ಅನೇಕ ವರ್ಷ ನಮ್ಮ ತಪಸ್ಸುಕಾಲದಲ್ಲೇ ಬರುತ್ತಿತ್ತು. ಐದು ತೇರುಗಳನ್ನು ನೋಡಲು ಊರೂರುಗಳಿಂದ ಜನ ಬಿಸಿಲಿನಲ್ಲಿ ನಡೆದು ಬರುತ್ತಿದ್ದರು. ಉಪವಾಸವಿರುತ್ತಿದ್ದ ಅವ್ವ ಬಾಗಿಲಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಅವರಿಗೆಲ್ಲ ಬಡಿಸುತ್ತಿದ್ದಳು. ಅದನ್ನು ಆಕೆ ಸೇವೆ ಎಂದು ಕರೆಯಲಿಲ್ಲ. ಬಾಯಾರಿದವರಿಗೆ ಕೊಡಬೇಕು ಎಂಬುದಷ್ಟೇ ಆಕೆಯ ತಿಳಿವಳಿಕೆ.

ಸಂಜೆ ದೀಪ ಹಚ್ಚಿದೊಡನೆ ಜಪಸರ. ಒಂದೊಂದು ಹತ್ತು ಮಣಿಗೆ ಒಬ್ಬೊಬ್ಬರ ಹೆಸರು: ಮಕ್ಕಳು, ಸೊಸೆಯಂದಿರು, ಕಾಯಿಲೆ ಬಿದ್ದ ನೆರೆಮನೆಯವರು, ತೀರಿಕೊಂಡವರು. 2002ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು ಜಪಸರಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಮೂರನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವ್ವನಿಗೆ ಅವುಗಳನ್ನು ಕಲಿಸಿದವನು ನಾನೇ. ಜೋರ್ದಾನಿನ ಸ್ನಾನದೀಕ್ಷೆ, ಕಾನಾ ಊರಿನ ಮದುವೆ, ದೇವರ ರಾಜ್ಯದ ಸಾರುವಿಕೆ, ರೂಪಾಂತರ, ಪರಮಪ್ರಸಾದದ ಸ್ಥಾಪನೆ. ಅವ್ವ ಅವುಗಳನ್ನು ಬೆರಳು ಮಡಿಸಿ ಬಾಯಿಪಾಠ ಮಾಡಿ, ಗುರುವಾರಕ್ಕೆ ಕಾಯುತ್ತಿದ್ದಳು. ಕಲಿಸಿದ ಹೆಮ್ಮೆ ನನಗಿತ್ತು.

2016ನೆಯ ಇಸವಿ ಕರುಣೆಯ ಜ್ಯೂಬಿಲಿ ವರ್ಷ. ಆ ವರ್ಷವಿಡೀ ನಾನು ದುಂದುಗಾರ ಮಗನ ಸಾಮತಿಯ ಮೇಲೆ ಪ್ರಬೋಧನೆಗಳನ್ನು ನೀಡಿದೆ, ಧ್ಯಾನಕೂಟಗಳನ್ನು ನಡೆಸಿದೆ. ಅದೇ ವರ್ಷ ನನ್ನ ಅಣ್ಣನ ಮಗಳು ಅನ್ಯಧರ್ಮದ ಹುಡುಗನೊಬ್ಬನನ್ನು ಮದುವೆಯಾಗುವುದಾಗಿ ಮನೆಯಲ್ಲಿ ತಿಳಿಸಿದಳು. ಇಂತಹ ಸಂದರ್ಭದಲ್ಲಿ ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆದು ದೇವಾಲಯದಲ್ಲಿಯೇ ವಿವಾಹವಾಗಲು ಧರ್ಮಸಭೆಯ ಕಾನೂನಿನಲ್ಲಿ ಅವಕಾಶವಿದೆ. ಇದನ್ನು ಎಷ್ಟೋ ಕುಟುಂಬಗಳಿಗೆ ತಾಳ್ಮೆಯಿಂದ ವಿವರಿಸಿದ್ದೇನೆ. ನನ್ನ ಮನೆಯ ಮಗುವಿಗೆ ಮಾತ್ರ ವಿವರಿಸಲಿಲ್ಲ. ಜನ ಏನೆಂದಾರು, ಸ್ವಾಮಿಯ ಮನೆಯಲ್ಲೇ ಹೀಗಾಯಿತೇ ಎಂಬ ಚಿಂತೆಯಲ್ಲಿ ಗದರಿದೆ. ಅವಳು ಮತ್ತೆ ಏನನ್ನೂ ಕೇಳಲಿಲ್ಲ. ನೋಂದಣಿ ಕಚೇರಿಯಲ್ಲಿ ಮದುವೆ ನಿಶ್ಚಯವಾಯಿತು. ಅಣ್ಣ ಹೋಗುವುದಿಲ್ಲವೆಂದ. ನಾನೂ ಹೋಗುವುದಿಲ್ಲವೆಂದೆ, ಅವ್ವನೂ ಹೋಗಕೂಡದೆಂದು ದೂರವಾಣಿಯಲ್ಲಿ ಹೇಳಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಇವತ್ತು ಗುರುವಾರ ಕಣಪ್ಪ. ನೀನೇ ಕಲಿಸಿದ್ದು. ಕಾನಾ ಊರಿನ ಮದುವೇಲಿ ಮಾತೆ ಏನು ಮಾಡಿದ್ರು? ಏನು ಕಡಿಮೆಯಾಗಿದೆ ಅಂತ ನೋಡಿದ್ರು. ನಮ್ಮ ಮಗೀನ ಮದುವೇಲಿ ದೊಡ್ಡವರೇ ಕಡಿಮೆ. ನಾನು ಹೋಗ್ತೀನಿ."

ಹೋದಳು. ಎಪ್ಪತ್ತೊಂದರ ವಯಸ್ಸಿನಲ್ಲಿ ಒಬ್ಬಳೇ ಆಟೋ ಹಿಡಿದು, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಹಣೆಗೆ ಶಿಲುಬೆಯ ಗುರುತು ಹಾಕಿ ಬಂದಳು. ನನಗೆ ಕೋಪ ಬಂದಿತ್ತು. ಎರಡು ತಿಂಗಳು ನಂಜನಗೂಡಿನ ಕಡೆ ತಲೆಹಾಕಲಿಲ್ಲ. ಅವ್ವ ನನ್ನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ತನ್ನ ನಿರ್ಧಾರಕ್ಕೆ ಕ್ಷಮೆಯನ್ನೂ ಕೇಳಲಿಲ್ಲ.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಹರಿದಳು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ನೀರು ನುಗ್ಗಿ ಮೈಸೂರಿನ ಸಂಚಾರ ನಿಂತಿತು. ಆ ದಿನಗಳಲ್ಲೇ ಹಾಸಿಗೆ ಹಿಡಿದಿದ್ದ ಅವ್ವನ ಸ್ಥಿತಿ ವಿಷಮಿಸಿತು. ಹಿಂದಿನ ವಾರವೇ ಆಕೆ ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ಸ್ವೀಕರಿಸಿದ್ದಳು. ನಾನು ಮೈಸೂರಿನಲ್ಲಿದ್ದೆ. ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದೂರ. ಆ ರಾತ್ರಿ ಹೋಗಲಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಸಾಯುವವರ ಪಕ್ಕದಲ್ಲಿ ಮೊಣಕಾಲೂರಿದ ನಾನು ನನ್ನ ಹೆತ್ತವಳ ಪಕ್ಕದಲ್ಲಿರಲಿಲ್ಲ.

ಪಕ್ಕದಲ್ಲಿದ್ದವಳು ಅದೇ ಮೊಮ್ಮಗಳು. ದೂರವಾಣಿಯನ್ನು ಅಜ್ಜಿಯ ಕಿವಿಗೆ ಹಿಡಿದಳು. ನಾನು ಇತ್ತಲಿಂದ ಪ್ರಾರ್ಥನೆ ಹೇಳುತ್ತಾ ಹೋದೆ. ನನ್ನ ಧ್ವನಿ ಕಟ್ಟಿದಾಗ ಅತ್ತಲಿಂದ ಅವಳೇ ನಮೋ ಮರಿಯಾ ಜಪವನ್ನು ಮುಂದುವರಿಸಿದಳು. ಮೂರು ವರ್ಷಗಳಿಂದ ದೇವಾಲಯದ ಮೆಟ್ಟಿಲು ಹತ್ತದ ಹುಡುಗಿಯ ಬಾಯಲ್ಲಿ ಒಂದು ಪದವೂ ತಪ್ಪಲಿಲ್ಲ. ಬೆಳಗಿನ ಜಾವ ಅವ್ವ ಪ್ರಭುವಿನಲ್ಲಿ ನಿದ್ರಿಸಿದಳು.

ಸುತ್ತುಬಳಸಿನ ದಾರಿಯಲ್ಲಿ ಹೋಗಿ ಅಂತ್ಯಕ್ರಿಯೆಯ ಬಲಿಪೂಜೆಯನ್ನು ನಾನೇ ಅರ್ಪಿಸಿದೆ. ಸಮಾಧಿಯಿಂದ ಹಿಂದಿರುಗಿದ ಮೇಲೆ ಅಣ್ಣನ ಮಗಳನ್ನು ಕರೆದು ಕ್ಷಮೆ ಕೇಳಿದೆ. ಅವಳು ಅವ್ವನ ಜಪಸರವನ್ನು ನನ್ನ ಕೈಗಿತ್ತು ಹೇಳಿದಳು: "ಸ್ವಾಮಿ ಚಿಕ್ಕಪ್ಪ, ಅಜ್ಜಿ ಎರಡನೇ ಹತ್ತು ನನಗೆ ಅಂತ ಹೇಳ್ತಿದ್ರು. ನಿಮಗೆ ಮಾತ್ರ ಎರಡು ಹತ್ತು. ಸ್ವಾಮಿಯಾದವನಿಗೇ ಜಾಸ್ತಿ ಬೇಕು ಅಂತಿದ್ರು."

ಕೆಲವು ತಿಂಗಳ ಬಳಿಕ ಅವಳೂ ಅವಳ ಗಂಡನೂ ನನ್ನಲ್ಲಿಗೆ ಬಂದರು. ಈ ಸಲ ನಾನು ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಮೂರು ವರ್ಷದ ಹಿಂದೆ ಹೇಳಬೇಕಾಗಿದ್ದುದನ್ನು ನಿಧಾನವಾಗಿ ಹೇಳಿದೆ. ಕಾನೂನಿನಲ್ಲಿ ಬಾಗಿಲು ಮೊದಲಿನಿಂದಲೂ ಇತ್ತು. ಅದನ್ನು ತೋರಿಸಬೇಕಾಗಿದ್ದ ನಾನೇ ಅಡ್ಡ ನಿಂತಿದ್ದೆ.

ಪ್ರಿಯ ಓದುಗರೇ, ನಿಮ್ಮ ಕುಟುಂಬದಲ್ಲಿಯೂ ಯಾರೋ ಒಬ್ಬರ ಹೆಸರು ಹೇಳದೆ ಊಟ ಮುಗಿಯುತ್ತಿರಬಹುದು. ಅವರು ಮಾಡಿದ ತಪ್ಪನ್ನು ಎಣಿಸುವ ಮೊದಲು, ಅವರ ಪಾಲಿಗೆ ಏನು ಕಡಿಮೆಯಾಗಿದೆ ಎಂದು ಒಮ್ಮೆ ನೋಡಿರಿ. ಮನೆಯಲ್ಲಿ ಅಜ್ಜಿಯಿದ್ದರೆ ಆಕೆಯನ್ನೇ ಕೇಳಿರಿ, ಆಕೆಗೆ ಗೊತ್ತಿರುತ್ತದೆ.

ಅವ್ವನ ಜಪಸರ ಈಗ ನನ್ನ ಜೇಬಿನಲ್ಲಿದೆ. ಗುರುವಾರ ಎರಡನೆಯ ರಹಸ್ಯಕ್ಕೆ ಬಂದಾಗ ನಾನು ಸ್ವಲ್ಪ ತಡೆದು ಮುಂದೆ ಹೋಗುತ್ತೇನೆ.