ಹಿಂದಿನ ಸೀಟಿನ ಸದ್ದು

ವಾಹನಗಳ ಸದ್ದುಗಳಲ್ಲಿ ದೊಡ್ಡದಕ್ಕಿಂತ ಸಣ್ಣದೇ ಹೆಚ್ಚು ಉಪದ್ರವಕಾರಿ. ಎಂಜಿನು ಗುಡುಗಿದರೆ, ಸೈಲೆನ್ಸರು ತುಂಡಾಗಿ ನೆಲಕ್ಕೆ ಉಜ್ಜಿದರೆ, ಅದು ಇದೆಯೇ ಇಲ್ಲವೇ ಎಂಬ ಚರ್ಚೆಗೆ ಅವಕಾಶವೇ ಇರುವುದಿಲ್ಲ. ಬಂಡಿಯನ್ನು ನಿಲ್ಲಿಸುತ್ತೇವೆ, ಇಳಿಯುತ್ತೇವೆ, ನೋಡುತ್ತೇವೆ. ಆದರೆ ಹಿಂಭಾಗದಲ್ಲೆಲ್ಲೋ ‘ಕಿರ್’ ಎಂದು ಒಮ್ಮೆ ಕೇಳಿಸಿ, ಕಿವಿಗೊಟ್ಟಾಗ ಮಾಯವಾಗಿ, ಮರೆತಾಗ ಮತ್ತೆ ಎದ್ದುಬರುವ ಸದ್ದಿನ ಸಂಗತಿಯೇ ಬೇರೆ. ಅದು ಮೊದಲು ಒಡೆಯುವುದು ಬಂಡಿಯನ್ನಲ್ಲ, ಬಂಡಿಯೊಳಗೆ ಕುಳಿತವರ ಒಮ್ಮತವನ್ನು. ಒಬ್ಬರಿಗೆ ಕೇಳಿಸಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಕೇಳಿಸದವರು ಕೇಳಿಸಿದವರನ್ನು ಅನುಮಾನದಿಂದ ನೋಡತೊಡಗುತ್ತಾರೆ.

ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಎತ್ತರದ, ಏಳೆಂಟು ಜನ ಹಿಡಿಸುವ ಬಂಡಿಗಳು ಇಂದು ಒಳ್ಳೆಯ ಸಂಖ್ಯೆಯಲ್ಲಿವೆ. ಪೇಟೆಯವರು ಅದನ್ನು ಎಸ್‌ಯುವಿ ಎನ್ನುತ್ತಾರೆ. ನಮ್ಮ ಕಡೆಯ ಹಿರಿಯರಿಗೆ ಎತ್ತರವಾಗಿರುವುದೆಲ್ಲ ಜೀಪೇ. ಗುಡ್ಡದ ಏರು, ತೋಟದ ಕಚ್ಚಾದಾರಿ, ಅಡಿಕೆಯ ಗೋಣಿ, ಮದುವೆಗೆ ಹೊರಟ ನೆಂಟರು, ಇವೆಲ್ಲವನ್ನೂ ಒಂದೇ ವಾಹನ ತಾಳಿಕೊಳ್ಳಬೇಕಾದುದರಿಂದ ಈ ಆಯ್ಕೆ ಸಹಜ. ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲೂ ಅಂಥದೊಂದಿದೆ. ಓಡಿಸುವವನು ನನ್ನ ತಮ್ಮ.

ಎಂಬತ್ತೆರಡರ ನಮ್ಮ ಅಮ್ಮ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆ ಬಂಡಿಗೆ ಹೊಸದೊಂದು ಕೆಲಸ ಬಂತು. ಶಸ್ತ್ರಚಿಕಿತ್ಸೆಯಾದ ಬಳಿಕ ತಿಂಗಳಿಗೆ ಎರಡು ಸಲ ಆಕೆಯನ್ನು ಮಂಗಳೂರಿಗೆ ಕರೆದೊಯ್ಯಬೇಕಿತ್ತು. ಸೀತಾಂಗೋಳಿಯ ಮೂಲಕ ಕುಂಬಳೆಗೆ ಇಳಿದು, ಉಪ್ಪಳ, ಹೊಸಂಗಡಿ, ಮಂಜೇಶ್ವರ, ತಲಪಾಡಿಗಳನ್ನು ದಾಟಿ, ನೇತ್ರಾವತಿಯ ಸೇತುವೆಯನ್ನು ಹಾದು ಹೋಗುವ ಆ ದಾರಿ ನಮ್ಮವರ ಪಾಲಿಗೆ ಬರಿಯ ರಸ್ತೆಯಲ್ಲ. ಕಾಯಿಲೆಯೆಂದರೆ ಮಂಗಳೂರು ಎಂಬುದು ಇಲ್ಲಿ ಎರಡು ಮೂರು ತಲೆಮಾರಿನ ರೂಢಿ. 2020ರ ಮಾರ್ಚಿನಲ್ಲಿ ಕೋವಿಡ್ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆಯೇನೆಂಬುದು ಎಲ್ಲರಿಗೂ ತಿಳಿಯಿತು.

ನಡುವಿನ ಸೀಟಿನ ಉದ್ದಕ್ಕೂ ಹಾಸಿಗೆ ಹಾಸಿ, ಎಡಬಾಗಿಲಿನ ಕಡೆಗೆ ತಲೆಯಿಟ್ಟು ಅಮ್ಮ ಒರಗುತ್ತಿದ್ದರು. ಸದ್ದು ಹುಟ್ಟುತ್ತಿದ್ದುದು ಅವರ ತಲೆಯ ಹಿಂದೆಯೇ. ನೋವಿನ ಮೈಗೆ ಕುಲುಕಾಟವನ್ನು ಹೇಗೋ ಸಹಿಸಬಹುದು. ಮುಂದಿನ ಕುಲುಕಿಗೆ ಮೊದಲು ಕಿವಿಯಲ್ಲಿ ಗೀರುವ ಸದ್ದನ್ನು ಸಹಿಸುವುದು ಕಷ್ಟ. ಹೋಗುವಾಗ ಹೇಗೋ ತಡೆದುಕೊಂಡರೂ ಬರುವಾಗ ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಮಲಗಿರುತ್ತಿದ್ದರು. ಕೆಲವು ತಿಂಗಳಾದ ಮೇಲೆ, “ಇನ್ನು ಸಾಕು, ಮಂಗಳೂರಿಗೆ ನಾನು ಬರುವುದಿಲ್ಲ” ಎಂದುಬಿಟ್ಟರು. ವೈದ್ಯರು ಬಿಡುವಂತಿಲ್ಲ, ಅಮ್ಮ ಹೊರಡುವಂತಿಲ್ಲ. ಹೀಗೆ ಒಂದು ಸಣ್ಣ ಕಿರುಗುಟ್ಟುವಿಕೆ ನಮ್ಮ ಮನೆಯ ದೊಡ್ಡ ಪ್ರಶ್ನೆಯಾಯಿತು.

ತಮ್ಮನಿಗೆ ಸದ್ದು ಕೇಳಿಸುತ್ತಿರಲಿಲ್ಲ. ಅವನದು ಸುಳ್ಳಲ್ಲ. ಅವನ ಮುಂದೆ ಎಂಜಿನು, ಪಕ್ಕದಲ್ಲಿ ತೆರೆದ ಕಿಟಕಿಯ ಗಾಳಿ. ಹಿಂದಿನ ಆ ಕಿರುದನಿ ಅಲ್ಲಿಯವರೆಗೆ ತಲಪುವುದೇ ಇಲ್ಲ. ಬಂಡಿಯನ್ನು ಪೇಟೆಯ ದೊಡ್ಡದೊಂದು ವರ್ಕ್‌ಶಾಪಿಗೆ ಒಯ್ದಾಗಲೂ ಇದೇ ಆಯಿತು. ಅಲ್ಲಿನವರು ಚಾಲಕನ ಸೀಟಿನಲ್ಲಿ ಕುಳಿತು, ಸಿಮೆಂಟಿನ ನುಣುಪು ಅಂಗಳದಲ್ಲಿ ಎರಡು ಸುತ್ತು ಬಂದು, ಏನೂ ಇಲ್ಲವೆಂದರು. ನಾವು ಒತ್ತಾಯಿಸಿದಾಗ, ಈ ವರ್ಗದ ಬಂಡಿಗಳಲ್ಲಿ ಇಷ್ಟು ಸದ್ದು ಸಹಜವೆಂದೂ, ಬೇಕಿದ್ದರೆ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನು ಬದಲಿಸಬಹುದೆಂದೂ ಹೇಳಿದರು. ಇಲ್ಲದ ಸದ್ದು ಸಹಜವಾಗುವುದು ಹೇಗೆ, ಸಹಜವಾದುದಕ್ಕೆ ಹಣ ಖರ್ಚು ಮಾಡುವುದೇಕೆ ಎಂದು ನಾನು ಕೇಳಲಿಲ್ಲ. ಬಂಡಿಯನ್ನು ಮನೆಗೆ ತಂದೆವು.

ಸದ್ದು ಎಲ್ಲಿಂದ ಬರುತ್ತದೆಂಬುದನ್ನು ಕಿವಿಯೊಂದರಿಂದಲೇ ನಿರ್ಣಯಿಸುವುದು ಸುಲಭವಲ್ಲ. ಎಡಬಲಗಳ ಭೇದವನ್ನು ನಮ್ಮ ಕಿವಿಗಳು ಸೊಗಸಾಗಿ ಗುರುತಿಸುತ್ತವೆ. ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಒಂದು ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತಲಪುವ ಸದ್ದಿನಿಂದಲೂ ಅವು ದಿಕ್ಕನ್ನು ಊಹಿಸಬಲ್ಲವು. ಆದರೆ ಹಿಂದೆಯೋ ಮುಂದೆಯೋ, ಮೇಲೆಯೋ ಕೆಳಗೆಯೋ ಎಂಬಲ್ಲಿ ಅವು ತಪ್ಪುತ್ತವೆ. ಅದರ ಮೇಲೆ ಬಂಡಿಯೆಂಬುದು ತಗಡು ಗಾಜುಗಳ ಪೆಟ್ಟಿಗೆ. ಅಡಿಯ ಉಕ್ಕಿನ ಚಾಸಿಯಲ್ಲಿ ಹುಟ್ಟಿದ ಸದ್ದು ಲೋಹದೊಳಗೇ ಹರಿದು, ತಗಡು ಅಗಲವಾಗಿರುವ ಇನ್ನೆಲ್ಲೋ ಬಾಯಿಬಿಡುತ್ತದೆ. ಆದುದರಿಂದ ಕಿವಿಯ ಸಾಕ್ಷ್ಯವನ್ನು ಕೇಳಬೇಕು. ತೀರ್ಪನ್ನು ಅದಕ್ಕೇ ಬಿಡಬಾರದು.

ನಾವು ಹಿಡಿದ ದಾರಿ ಬಹಳ ಹಳೆಯದು. ಒಂದು ಸಲಕ್ಕೆ ಒಂದನ್ನೇ ತೆಗೆಯುವುದು, ಒಂದನ್ನೇ ಬದಲಿಸುವುದು, ಮತ್ತೆ ಅದೇ ರಸ್ತೆಯಲ್ಲಿ ಓಡಿಸಿ ಕೇಳುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಕಾರಣ ತಿಳಿಯದೆ ಉಳಿಯುತ್ತದೆ.

ಮೊದಲು ಬಂಡಿಯನ್ನು ಬರಿದುಮಾಡಿದೆವು. ಎರಡು ಕೊಡೆ, ಒಂದು ಕಟ್ಟು ಹಗ್ಗ, ಅರ್ಧ ಚೀಲ ಮೈಲುತುತ್ತ, ಯಾರದೋ ಒಂಟಿ ಚಪ್ಪಲಿ, ಹೋದ ವರ್ಷದ ಜಾತ್ರೆಯ ಆಮಂತ್ರಣ ಪತ್ರಿಕೆಗಳ ಕಟ್ಟು ಹೊರಬಂದವು. ಜ್ಯಾಕು, ಸ್ಪ್ಯಾನರುಗಳ ಚೀಲ, ಬದಲಿ ಚಕ್ರ ಎಲ್ಲವನ್ನೂ ಇಳಿಸಿದೆವು. ಇಂಥ ಸದ್ದುಗಳಲ್ಲಿ ಬಹಳಷ್ಟು ಈ ಹಂತದಲ್ಲೇ ನಿಲ್ಲುತ್ತವೆ. ನಮ್ಮದು ನಿಲ್ಲಲಿಲ್ಲ. ಬಳಿಕ ಹಿಂಬಾಗಿಲಿನ ಸರದಿ. ಬಾಗಿಲು ಕಚ್ಚಿಕೊಳ್ಳುವ ಕೊಕ್ಕೆಗೆ ಬಟ್ಟೆ ಸುತ್ತಿ, ಸುತ್ತಲಿನ ರಬ್ಬರಿನ ಧೂಳೊರಸಿ ಮುಖಕ್ಕೆ ಹಚ್ಚುವ ಪೌಡರು ಸವರಿದೆವು. ಮಡಚಿಟ್ಟ ಹಿಂದಿನ ಸೀಟುಗಳ ಚಿಲಕಗಳನ್ನು ಹಳೆಯ ಪಂಚೆಯ ತುಂಡಿನಿಂದ ಬಿಗಿದೆವು. ಸದ್ದು ಹಾಗೆಯೇ ಇತ್ತು.

ಸದ್ದು ಎಲ್ಲಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಗಮನಿಸುವುದು ಮುಂದಿನ ಹೆಜ್ಜೆ. ಚಕ್ರದ ಬೇರಿಂಗು ಅಥವಾ ಬ್ರೇಕು ಕೂಗುವುದಾದರೆ ವೇಗ ಏರಿದಂತೆ ಕೂಗೂ ತ್ವರಿತವಾಗಬೇಕು, ಬ್ರೇಕು ಒತ್ತಿದಾಗ ಬದಲಾಗಬೇಕು. ಹಾಗಾಗುತ್ತಿರಲಿಲ್ಲ. ಹೆದ್ದಾರಿಯ ನುಣುಪಾದ ಭಾಗದಲ್ಲಿ ವೇಗವಾಗಿ ಹೋದರೂ ಮೌನ. ನಮ್ಮ ಒಳರಸ್ತೆಯ ಹೊಂಡಗಳಲ್ಲಿ ಆಮೆಯಂತೆ ಹೋದರೂ ಕೂಗು. ಎಂಜಿನು ನಿಲ್ಲಿಸಿ, ಅಂಗಳದಲ್ಲಿ ಬಂಡಿಯ ಹಿಂಭಾಗವನ್ನು ಇಬ್ಬರು ಅದುಮಿ ಬಿಟ್ಟಾಗಲೂ ಸಣ್ಣಗೆ ಕೇಳಿಸಿತು. ಹಾಗಾದರೆ ಎಂಜಿನು, ಸೈಲೆನ್ಸರು, ಬ್ರೇಕು, ಬೇರಿಂಗು ಎಲ್ಲವೂ ನಿರಪರಾಧಿಗಳು. ಬಂಡಿಯ ಮೈಯನ್ನು ಹೊತ್ತು ಏರಿಳಿಯುವ ಭಾಗದಲ್ಲೇ ಕಳ್ಳನಿದ್ದಾನೆ.

ಇಷ್ಟರವರೆಗೆ ಅಮ್ಮನನ್ನು ಯಾರೂ ವಿವರವಾಗಿ ಕೇಳಿರಲಿಲ್ಲ. ಸದ್ದು ಇದೆಯೆಂದು ಅವರು ಹೇಳಿದ್ದರು. ಅಷ್ಟು ಸಾಕೆಂದು ವರ್ಕ್‌ಶಾಪಿನವರೂ ಭಾವಿಸಿದ್ದರು. ಕೇಳಿದಾಗ ಅವರು ಹಾಸಿಗೆಯಲ್ಲಿ ಒರಗಿದ್ದಲ್ಲಿಂದಲೇ ಒಂದು ವರದಿಯನ್ನೇ ಒಪ್ಪಿಸಿದರು. ಬಂಡಿ ಬಲಕ್ಕೆ ತಿರುಗುವಾಗ ಸದ್ದು ಹೆಚ್ಚು, ಎಡಕ್ಕೆ ತಿರುಗುವಾಗ ಕಡಿಮೆ. ಒಂದು ಹೊಂಡಕ್ಕೆ ಎರಡು ಕೂಗು. ಇಳಿಯುವಾಗ ದಪ್ಪ ದನಿ, ಏರುವಾಗ ತೆಳು ದನಿ. ಆಟಿಯ ಮಳೆಯಲ್ಲಿ ಸದ್ದೇ ಇರಲಿಲ್ಲ. ಮಳೆ ಬಿಟ್ಟು ಮೂರು ದಿನ ಬಿಸಿಲು ಕಾದ ಮೇಲೆ ಮರಳಿತು. ಕೊನೆಗೆ, “ಇದು ನಮ್ಮ ಹಳೆ ಮನೆಯ ಚಾವಡಿಯ ಉಯ್ಯಾಲೆಯ ಕೊಂಡಿ ಕೂಗಿದ ಹಾಗೆಯೇ. ಎಲ್ಲೋ ಏನೋ ತೂಗುತ್ತಿದೆ, ನೋಡಿ” ಎಂದರು.

ಆ ಮಾತನ್ನು ಹಿಡಿದುಕೊಂಡು ಬಂಡಿಯ ಅಡಿಗೆ ಬಗ್ಗಿ ನೋಡಿದರೆ ಅಲ್ಲಿ ನಿಜವಾಗಿಯೂ ಒಂದು ಉಯ್ಯಾಲೆಯಿತ್ತು. ನಮ್ಮ ಬಂಡಿಯ ಹಿಂಭಾಗ ನಿಂತಿರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಮೇಲೆ. ಲೀಫ್ ಸ್ಪ್ರಿಂಗ್ ಎನ್ನುತ್ತಾರೆ. ಬಿಲ್ಲಿನಂತೆ ಬಾಗಿದ ಈ ಪಟ್ಟಿ ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಬಿಲ್ಲಿನ ತುದಿಗಳ ನಡುವಿನ ಅಂತರ ಹೆಚ್ಚಲೇಬೇಕು. ಆದುದರಿಂದ ಮುಂದಿನ ತುದಿಯನ್ನು ಚಾಸಿಗೆ ನೆಲೆಯಾಗಿ ಬಿಗಿದು, ಹಿಂದಿನ ತುದಿಯನ್ನು ಒಂದು ತೂಗುಕೊಂಡಿಯಿಂದ ನೇತುಹಾಕಿರುತ್ತಾರೆ. ಇದಕ್ಕೆ ವರ್ಕ್‌ಶಾಪಿನಲ್ಲಿ ಷ್ಯಾಕಲ್ ಎಂದು ಹೆಸರು. ಪ್ರತಿ ಹೊಂಡಕ್ಕೂ ಅದು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗುತ್ತದೆ. ಕೊಂಡಿಯ ಬೋಲ್ಟುಗಳ ಸುತ್ತ ರಬ್ಬರಿನ ಬುಷ್‌ಗಳಿರುತ್ತವೆ. ಬಲಕ್ಕೆ ತಿರುಗಿದಾಗ ಬಂಡಿಯ ಮೈ ಎಡಕ್ಕೆ ವಾಲುವುದರಿಂದ ಎಡದ ಸ್ಪ್ರಿಂಗಿಗೆ ಭಾರ ಹೆಚ್ಚು. ಅಮ್ಮನ ವರದಿ ಒಂದೊಂದು ವಾಕ್ಯಕ್ಕೂ ಹೊಂದಿಕೊಂಡಿತು.

ಇನ್ನು ಬೇಕಾದದ್ದು ರುಜುವಾತು. ಮಳೆ ಮಾಡಿದ್ದನ್ನೇ ನಾವೂ ಮಾಡಿದೆವು. ಬಕೆಟಿನಿಂದ ಎರಚಿದರೆ ಎಲ್ಲವೂ ನೆನೆದು ವಿವೇಚನೆ ತಪ್ಪುತ್ತದೆಂದು ಕಾಲು ತೊಳೆಯುವ ಗಿಂಡಿಯನ್ನು ತಂದೆವು. ಅದರ ಮೂತಿಯಿಂದ ನೀರನ್ನು ಬೇಕಾದ ಜಾಗಕ್ಕಷ್ಟೇ ಬೀಳಿಸಬಹುದು. ಬಂಡಿಯನ್ನು ಜ್ಯಾಕಿಗೆ ಏರಿಸಲಿಲ್ಲ. ಬರಿಯ ಜ್ಯಾಕಿನ ಮೇಲೆ ನಿಂತ ಬಂಡಿಯ ಅಡಿಗೆ ಯಾರೂ ತಲೆಯೊಡ್ಡಬಾರದು. ನಾಲ್ಕು ಚಕ್ರಗಳ ಮೇಲೆ ನಿಂತಂತೆಯೇ, ಕಲ್ಲು ಒಡ್ಡಿ, ತಮ್ಮ ಹಿಂದಿನ ಮೆಟ್ಟಿಲೇರಿ ಮೈಯನ್ನು ಕುಲುಕಿಸಿದ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೀರು ಬಿಟ್ಟೆ. ಪಟ್ಟಿಗಳ ನಡುವೆ ಬಿಟ್ಟಾಗ ಸದ್ದು ನಿಲ್ಲಲಿಲ್ಲ. ಶಾಕ್ ಅಬ್ಸಾರ್ಬರಿನ ಕೆಳಬುಷ್, ಮೇಲ್ಬುಷ್, ಸ್ಪ್ರಿಂಗಿನ ಮುಂದಿನ ಕಣ್ಣು, ಎಲ್ಲಿಯೂ ಇಲ್ಲ. ಎಡದ ತೂಗುಕೊಂಡಿಯ ಮೇಲ್ಬೋಲ್ಟಿಗೆ ನೀರು ಬಿದ್ದ ಮರುಗಳಿಗೆ ಕೂಗು ಕತ್ತರಿಸಿದಂತೆ ನಿಂತಿತು. ಕುಲುಕಿಸಿದಷ್ಟೂ ಮೌನ. ನೀರಾರಿದ ಮೇಲೆ ಮತ್ತೆ ಕೂಗು.

ಇದರ ಮರ್ಮ ಸರಳ. ಒಣಗಿದ ಎರಡು ಮೈಗಳು ಉಜ್ಜುವಾಗ ನಯವಾಗಿ ಸರಿಯುವುದಿಲ್ಲ. ಕ್ಷಣ ಅಂಟಿ ಕ್ಷಣ ಜಾರುತ್ತವೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ನಡೆಯುವ ಈ ಅಂಟು ಜಾರುಗಳೇ ದನಿಯಾಗುತ್ತವೆ. ವಯಲಿನ್ ನುಡಿಸುವವರು ಕಮಾನಿಗೆ ರಾಳ ಹಚ್ಚುವುದು ಈ ಅಂಟು ಬೇಕೆಂದೇ. ನೀರು ನಡುವೆ ಸೇರಿದರೆ ಅಂಟು ತಪ್ಪುತ್ತದೆ, ದನಿ ಅಡಗುತ್ತದೆ. ಹಾಗೆಂದು ಎಣ್ಣೆ ಬಿಟ್ಟು ಮುಗಿಸೋಣವೆನ್ನುವಂತಿಲ್ಲ. ಉಯ್ಯಾಲೆಯ ಕಬ್ಬಿಣದ ಕೊಂಡಿಗೆ ಎಣ್ಣೆ ಸರಿ. ರಬ್ಬರಿಗೆ ಡೀಸೆಲು ಅಥವಾ ಎಂಜಿನ್ ಆಯಿಲು ತಗಲಿದರೆ ಅದು ಉಬ್ಬಿ ಮೆದುವಾಗಿ ಹಾಳಾಗುತ್ತದೆ. ಬಂಡಿಯ ಅಡಿಗೆ ಹಳೆಯ ಆಯಿಲನ್ನು ಗಾಳಿಯೊತ್ತಡದಿಂದ ಸಿಂಪಡಿಸುವ ವಾಡಿಕೆ ನಾಲ್ಕು ದಿನದ ಮೌನವನ್ನು ಕೊಟ್ಟು ಬುಷ್‌ನ ಆಯುಸ್ಸನ್ನು ಕಸಿಯುತ್ತದೆ. ರಬ್ಬರಿಗೆ ಹಚ್ಚಲೇಬೇಕಾದರೆ ಸಿಲಿಕೋನ್ ಗ್ರೀಸು ಯೋಗ್ಯ.

ಪೇಟೆಯ ಅಂಚಿನ ಸಣ್ಣ ಗ್ಯಾರೇಜೊಂದರಲ್ಲಿ ಕೊಂಡಿಯನ್ನು ಬಿಚ್ಚಿಸಿದೆವು. ಆ ಮೇಸ್ತ್ರಿ ನಮ್ಮೊಡನೆ ಕನ್ನಡ, ಹುಡುಗನೊಡನೆ ತುಳು, ಫೋನಿನಲ್ಲಿ ಮಲಯಾಳ ಆಡುತ್ತಲೇ ಚಾಸಿಗೆ ಸ್ಟ್ಯಾಂಡು ಕೊಟ್ಟು, ಸ್ಪ್ರಿಂಗಿನ ಭಾರ ಇಳಿಸಿ, ಬೋಲ್ಟನ್ನು ಹೊಡೆದು ತೆಗೆದರು. ರಬ್ಬರು ಕಲ್ಲಿನಂತೆ ಗಡಸಾಗಿ, ಒಂದು ಕಡೆ ಸೀಳಿಹೋಗಿತ್ತು. ಸೀಳಿನಲ್ಲಿ ಲೋಹಕ್ಕೆ ಲೋಹ ತಗಲಿ ಬೋಲ್ಟಿನ ಒಂದು ಪಾರ್ಶ್ವ ಬಿದಿಗೆಯ ಚಂದ್ರನಂತೆ ಸವೆದಿತ್ತು. ಇನ್ನಷ್ಟು ಕಾಲ ಬಿಟ್ಟಿದ್ದರೆ ಚಾಸಿಯ ರಂಧ್ರವೂ ಸವೆದು, ಹಿಂದಿನ ಆಕ್ಸಲ್ ನೆಲೆತಪ್ಪುವ ಹಾದಿ ತೆರೆಯುತ್ತಿತ್ತು. ಎರಡೂ ಪಕ್ಕಗಳ ಬುಷ್‌ಗಳನ್ನೂ ಆ ಒಂದು ಬೋಲ್ಟನ್ನೂ ಬದಲಿಸಿದರು. ಸಾಮಾನಿಗೆ ಬಿದ್ದದ್ದು ಒಂದೆರಡು ಕಿಲೋ ಅಡಿಕೆಯ ಬೆಲೆ. ನಟ್ಟುಗಳನ್ನು ಪೂರ್ತಿ ಬಿಗಿಗೊಳಿಸಿದ್ದು ಬಂಡಿಯನ್ನು ಚಕ್ರಗಳ ಮೇಲೆ ಇಳಿಸಿದ ನಂತರವೇ. ನೇತಾಡುವಾಗ ಬಿಗಿದರೆ ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆಂದು ಅವರು ಹುಡುಗನಿಗೆ ತುಳುವಿನಲ್ಲಿ ಹೇಳಿಕೊಟ್ಟದ್ದನ್ನು ನಾನೂ ಕಲಿತೆ.

ಈ ಹುಡುಕಾಟದಿಂದ ನನಗೆ ಮನದಟ್ಟಾದ ಮಾತೊಂದೇ. ಸದ್ದನ್ನು ಹುಡುಕುವವರು ಮೊದಲು ಅದು ಕೇಳಿಸುವ ಜಾಗದಲ್ಲಿ ಕುಳಿತುಕೊಳ್ಳಬೇಕು. ಕುಳಿತುಕೊಳ್ಳಲಾಗದಿದ್ದರೆ ಅಲ್ಲಿ ಕುಳಿತವರನ್ನು ಕೇಳಬೇಕು. ಗಡಿನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಿಂದ ನಾವು ಒಂದು ದೊಡ್ಡ ಬಂಡಿಯ ಹಿಂದಿನ ಸೀಟಿನ ಪ್ರಯಾಣಿಕರು. ಮುಂದೆ ಕುಳಿತವರಿಗೆ ಕೇಳಿಸದ ಸದ್ದುಗಳು ನಮಗೆ ಕೇಳಿಸುತ್ತವೆ. ಅದನ್ನು ಸಹಜವೆನ್ನುವವರೂ ಉಂಟು, ಇಲ್ಲವೆನ್ನುವವರೂ ಉಂಟು. ನಮ್ಮ ಕರ್ತವ್ಯ ಅಮ್ಮ ಮಾಡಿದಷ್ಟೇ: ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ನಿಖರವಾಗಿ ಹೇಳುತ್ತಿರುವುದು.

ಮುಂದಿನ ಸಲ ಮಂಗಳೂರಿಗೆ ಹೊರಡುವಾಗ ಅಮ್ಮ ಮರುಮಾತಾಡದೆ ಬಂಡಿಯೇರಿದರು. ಕುಂಬಳೆ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಹಿಂದಿನಿಂದ ಯಾವ ದನಿಯೂ ಬಾರದಿದ್ದುದನ್ನು ಕಂಡು, ಉಪ್ಪಳದಲ್ಲೊಮ್ಮೆ, ತಲಪಾಡಿಯಲ್ಲೊಮ್ಮೆ ತಮ್ಮ ಕನ್ನಡಿಯಲ್ಲಿ ಅವರ ಮುಖ ನೋಡಿ, ವೇಗವನ್ನು ಇನ್ನಷ್ಟು ತಗ್ಗಿಸಿದ.