ಮುಟ್ಟಿ ಕಲಿತ ಯಂತ್ರ

ಹಳತು ಅಂದರೆ ಯಾರ ಪಾಲಿಗೆ ಹಳತು? ಈ ಪ್ರಶ್ನೆ ಕೇಳದೆ ನಾವು ಕಟ್ಟಿದ ಯಂತ್ರದ ಬಗ್ಗೆ ಮಾತಾಡುವುದು ಸಾಧ್ಯವಿಲ್ಲ.

ನಾವು ಮೂವರು ಗೆಳೆಯರು ಬಾಡಿಗೆ ಕೋಣೆಯಲ್ಲಿ ಕೂತು ಒಂದು ಕಂಪ್ಯೂಟರ್ ಕಟ್ಟಿದೆವು. ಅದರಲ್ಲಿ ಓಡುವುದು ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ. 1974ರಲ್ಲಿ ಹುಟ್ಟಿದ್ದು, ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಪೇಟೆಯಿಂದ ಹೊರಬಿದ್ದದ್ದು. ವಿಷಯ ತಿಳಿದವರೆಲ್ಲ ನಕ್ಕರು. "ಅಲ್ರಯ್ಯಾ, ಜೇಬಲ್ಲಿರೋ ಫೋನು ಇದ್ರ ಸಾವಿರ ಪಟ್ಟು ಕೆಲ್ಸ ಮಾಡ್ತದೆ. ಈ ಗುಜರಿ ಯಾಕ್ರೋ ನಿಮಗೆ?" ಅಂದರು. ನಗುವವರು ನಗಲಿ. ನಮಗೆ ಹೇಳಬೇಕಾದದ್ದಿದೆ, ಹೇಳುತ್ತೇವೆ.

ಇಂಥ ಯಂತ್ರಗಳನ್ನು ಕಟ್ಟುವವರು ಹೊರದೇಶಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ತಲೆ ನೆರೆತವರು. ಚಿಕ್ಕಂದಿನಲ್ಲಿ ಮನೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ನೆನಪು ಅವರಿಗೆ. ಹೋದ ಕಾಲವನ್ನು ಕೈಯಲ್ಲಿ ಹಿಡಿದು ನೋಡುವ ಆಸೆ. ಅದು ತಪ್ಪೇನಲ್ಲ. ಆದರೆ ನಮಗೆ ಆ ನೆನಪೇ ಇಲ್ಲ. ಸಿಪಿ/ಎಂ ಮೆರೆಯುತ್ತಿದ್ದ ಹೊತ್ತಿನಲ್ಲಿ ನಮ್ಮಪ್ಪಂದಿರು ಗೌಡರ ಮನೆಯ ದನ ಕಾಯುತ್ತಿದ್ದರು. ನಮ್ಮ ಕೇರಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಕಳೆದುಕೊಂಡದ್ದನ್ನು ಹುಡುಕಲು ಹೊರಟವರು ಅವರು. ನಮ್ಮವರ ಕಣ್ಣಿಗೇ ಬೀಳದೆ ಮುಂದೆ ಹೋದದ್ದನ್ನು ಒಮ್ಮೆ ನಿಲ್ಲಿಸಿ ನೋಡಲು ಹೊರಟವರು ನಾವು. ನಮ್ಮ ಪಾಲಿಗೆ ಇದು ಹಳತಲ್ಲ. ಮೊನ್ನೆ ಮೊನ್ನೆ ಬಂದದ್ದು.

ನಾವು ಓದಿದ ಶಾಲೆಯಲ್ಲಿ ಕಂಪ್ಯೂಟರ್ ಇತ್ತು. ಬೀಗ ಹಾಕಿದ ಕೋಣೆಯೊಳಗೆ ಬಟ್ಟೆ ಹೊದ್ದು ಕೂತಿತ್ತು. ಆಯುಧಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮ ಬೀಳುತ್ತಿತ್ತು. ಉಳಿದ ದಿನ ಕಿಟಕಿಯಿಂದ ಇಣುಕಿದರೆ ಒಂದೇ ಮಾತು: "ಮುಟ್‌ಬೇಡ್ರೋ." ಪಾಪ, ಮೇಷ್ಟ್ರಿಗೆ ಕೆಟ್ಟುಹೋದೀತೆಂಬ ಭಯ. ಅವರನ್ನು ದೂರುವುದಿಲ್ಲ. ಆದರೆ ಆ ಮಾತು ನಮ್ಮ ಕಿವಿಗೆ ಬೇರೆ ಥರ ಬೀಳುತ್ತದೆ. ನಮ್ಮ ಅಜ್ಜಿಯರು ಬಾವಿಕಟ್ಟೆಯಲ್ಲಿ ಕೇಳಿದ ಮಾತು ಅದು.

ಈಗ ಎಲ್ಲರ ಕೈಯಲ್ಲೂ ಟಚ್ ಫೋನು. ಮುಟ್ಟಿದರೆ ಸಾಕು ಕೆಲಸ ಆಗುತ್ತದೆ. ಆದರೆ ಮುಟ್ಟುವುದು ಏನನ್ನು? ಗಾಜನ್ನು. ಒಳಗಿನದೆಲ್ಲ ಅಂಟು ಹಾಕಿ ಮುಚ್ಚಿದ್ದಾರೆ. ಯಾರು ಯಾವ ಆಜ್ಞೆ ಕೊಟ್ಟರು, ಅದು ಯಾಕೆ ಹಾಗೆ ಮಾಡಿತು, ನಮಗೆ ಕಾಣುವುದಿಲ್ಲ. ನಮಗೆ ಬೇಕಿದ್ದದ್ದು ತಳದಿಂದ ತುದಿಯವರೆಗೆ ಮುಟ್ಟಬಹುದಾದ ಯಂತ್ರ.

ಅಂಥದ್ದು ಬೇಕೆಂದರೆ ಹಿಂದಕ್ಕೇ ಹೋಗಬೇಕು. ನಾವು ಆರಿಸಿಕೊಂಡದ್ದು ಝಡ್80 ಎಂಬ ಚಿಪ್ಪು. ಇಂಟೆಲ್ ಕಂಪನಿ ಬಿಟ್ಟು ಬಂದ ಫೆಡೆರಿಕೊ ಫಾಜಿನ್ ಮತ್ತು ಮಸಾತೋಶಿ ಶಿಮಾ ಝೈಲಾಗ್ ಎಂಬ ಹೊಸ ಕಂಪನಿಯಲ್ಲಿ ಮಾಡಿ 1976ರಲ್ಲಿ ಹೊರತಂದದ್ದು. ಕಂಬಳಿಹುಳದ ಹಾಗೆ ಎರಡೂ ಕಡೆ ಸೇರಿ 40 ಕಾಲು. ಒಳಗೆ ಸುಮಾರು 8,500 ಟ್ರಾನ್ಸಿಸ್ಟರು. ಇಂದಿನ ದುಬಾರಿ ಫೋನಿನ ಚಿಪ್ಪಿನಲ್ಲಿ ಅವು ಸಾವಿರ ಕೋಟಿ ಮೀರಿವೆ. ಸಾವಿರ ಕೋಟಿಯನ್ನು ಯಾವ ಮನುಷ್ಯನೂ ತಲೆಯಲ್ಲಿ ಇಟ್ಟುಕೊಳ್ಳಲಾರ. 40 ಕಾಲುಗಳನ್ನು ಇಟ್ಟುಕೊಳ್ಳಬಹುದು. 16 ಕಾಲು ವಿಳಾಸ ಹೇಳುತ್ತವೆ, 8 ಕಾಲು ಸರಕು ಹೊರುತ್ತವೆ, ಮಿಕ್ಕವು ಓದು, ಬರೆ, ನಿಲ್ಲು, ಕಾಯಿ ಅನ್ನುತ್ತವೆ. 16 ತಂತಿಯಿಂದ ಕರೆಯಬಹುದಾದ ಮನೆಗಳು 65,536. ಆ ಯಂತ್ರದ ಇಡೀ ಲೋಕ ಅಷ್ಟೇ. ಒಂದು ಹಾಳೆಯ ಮೇಲೆ ಅದರ ನಕ್ಷೆ ಬರೆದು ಗೋಡೆಗೆ ಅಂಟಿಸಿಕೊಂಡೆವು.

ಸಾಮಾನು ಹುಡುಕಲು ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿದೆವು. ಸಿಕ್ಕಿದ ಚಿಪ್ಪುಗಳಲ್ಲಿ ಕೆಲವಕ್ಕೆ ಕಾಲಿನಲ್ಲಿ ಹಳೆ ಬೆಸುಗೆ ಇನ್ನೂ ಅಂಟಿಕೊಂಡಿತ್ತು. ಅಂದರೆ ಯಾರೋ ಒಂದು ಸತ್ತ ಬೋರ್ಡನ್ನು ಕಾಯಿಸಿ, ಇಕ್ಕಳದಿಂದ ಕಿತ್ತು ತೆಗೆದದ್ದು. ಯಾರು? ಕೈಗವಸು ಹಾಕಿದ್ದರೇ? ಆ ಸೀಸದ ಹೊಗೆ ಯಾರ ಎದೆಗೆ ಹೋಯಿತು? ಪೇಟೆ ಯಾವುದನ್ನು ಹಳತು ಅಂತ ಎಸೆಯುತ್ತದೋ ಅದನ್ನು ಆರಿಸುವ ಕೈಗಳು ಯಾವ ಕೇರಿಯಿಂದ ಬರುತ್ತವೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಅಂಗಡಿಯವನು ಕೊಟ್ಟ ಚಿಪ್ಪಿನ ಬೆನ್ನ ಮೇಲಿನ ಹೆಸರು ನಕಲಿ. ಹಳೆ ಹೆಸರು ಉಜ್ಜಿ ಹೊಸ ಹೆಸರು ಹೊಡೆದಿದ್ದರು. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು, ಹೆಸರು ಹತ್ತಿಗೆ ಬಂತು. ಕೇಳಲು ಹೋದರೆ, "ಹಳೇ ಮಾಲಿಗೆ ಗ್ಯಾರಂಟಿ ಕೇಳ್ತೀರೇನ್ರಿ?" ಅಂತ ಗದರಿದ. ಹದಿನೈದು ದಿನ ಹೋಯಿತು, ಬೇರೆ ಕಡೆಯಿಂದ ತರಿಸಿದೆವು.

ಇನ್ನು ಬೆಸುಗೆ. ನಾವು ಪದವೀಧರರು, ನಮ್ಮ ನಮ್ಮ ಮನೆಗಳಲ್ಲಿ ಮೊದಲಿಗರು. ಪದವಿ ನಮಗೆ ಕಲಿಸಿದ್ದು ಕಾಗದದ ಮೇಲಿನ ತಂತಿಗಳನ್ನು. ಕೈಯಿಂದ ಮಾಡುವುದು ಕೀಳು, ತಲೆಯಿಂದ ಮಾಡುವುದು ಮೇಲು ಅನ್ನುವುದನ್ನು ಪಠ್ಯದಲ್ಲಿ ಬರೆಯದೆಯೇ ಕಲಿಸಿಬಿಡುತ್ತಾರೆ. ನಮ್ಮಲ್ಲಿ ಒಬ್ಬರ ಅಪ್ಪ ಚಪ್ಪಲಿ ಹೊಲಿಯುವವರು. ಊರಿಂದ ಬಂದವರು ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದರು. ಸೀಸ ತವರ ಕೂಡಿದ ತಂತಿ 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಕಾಲನ್ನೂ ತಾಮ್ರವನ್ನೂ ಒಟ್ಟಿಗೆ ಕಾಯಿಸಿ ತಂತಿ ತಗುಲಿಸಿದರೆ ಕ್ಷಣದಲ್ಲಿ ಹರಿದು, ಗೋಪುರದ ಹಾಗೆ ನಿಂತು ಹೊಳೆಯುತ್ತದೆ. ಒಂದು ಬೆಸುಗೆಯನ್ನು ಉಗುರಿನಿಂದ ತಟ್ಟಿ ನೋಡಿ ಅವರು ಅಂದರು: "ಹೊಲಿಗೆ ಇದ್ದಂಗೇ ಕಣ್ರಪ್ಪಾ. ಚಂದಾಗಿ ಕಂಡ್ರೆ ಸಾಲ್ದು, ಎಳುದ್ರೆ ಬರಬಾರ್ದು." ನಮ್ಮ ನಾಲ್ಕು ವರ್ಷದ ಓದಿನಲ್ಲಿ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಆಮೇಲೆ ನೂರಾರು ಬೆಸುಗೆ ಹಾಕಿದೆವು. ಪ್ರತಿಯೊಂದನ್ನೂ ಎಳೆದು ನೋಡಿದೆವು.

ಈಗ ಸಿಪಿ/ಎಂ ವಿಷಯ. ಬರೆದವನು ಗ್ಯಾರಿ ಕಿಲ್ಡಾಲ್. ಅಮೆರಿಕದ ಮಾಂಟೆರೆಯಲ್ಲಿ ನೌಕಾಪಡೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಅದರಲ್ಲಿ ಮೂರು ಭಾಗ. ನಮ್ಮ ಆಜ್ಞೆ ಕೇಳಿಸಿಕೊಳ್ಳುವುದು ಒಂದು. ಕಡತಗಳ ಲೆಕ್ಕ ಇಡುವುದು ಇನ್ನೊಂದು, ಅದರ ಹೆಸರು ಬಿಡಾಸ್. ಯಂತ್ರದ ಕೈಕಾಲು ಆಡಿಸುವುದು ಮೂರನೆಯದು, ಬಯಾಸ್. 1979ರ 2.2 ಆವೃತ್ತಿಯಲ್ಲಿ ಮೊದಲೆರಡು ಸೇರಿ 5,632 ಬೈಟು. ನೀವು ಓದುತ್ತಿರುವ ಈ ಬರಹವನ್ನು ಯೂನಿಕೋಡಿನಲ್ಲಿಟ್ಟರೆ ಅದರ ಐದಾರು ಪಟ್ಟಾದರೂ ಜಾಗ ಬೇಕು. ಅಷ್ಟು ಸಣ್ಣದು, ಅಷ್ಟು ಪೂರ್ತಿಯಾದದ್ದು.

ಕಿಲ್ಡಾಲ್ ಮಾಡಿದ ದೊಡ್ಡ ಕೆಲಸ ಆ ಮೂರನೆಯ ಭಾಗವನ್ನು ಬೇರೆ ಮಾಡಿದ್ದು. ಯಂತ್ರ ಯಾವುದಾದರೂ ಇರಲಿ, ಬಯಾಸ್‌ನ 17 ಬಾಗಿಲುಗಳನ್ನು ನೀನು ಕಟ್ಟಿಕೊಡು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತದೆ ಸಿಪಿ/ಎಂ. ಒಂದು ಅಕ್ಷರ ತಾ, ಒಂದು ಅಕ್ಷರ ತೋರಿಸು, ಈ ಸುತ್ತಿನ ಈ ತುಂಡನ್ನು ಓದು, ಬರೆ. ಇಂಥವೇ 17. ಹುಟ್ಟು ಕೇಳುವುದಿಲ್ಲ, ಕಂಪನಿಯ ಹೆಸರು ಕೇಳುವುದಿಲ್ಲ. ಆ 17 ಬಾಗಿಲುಗಳನ್ನು ನಾವೇ ಬರೆದೆವು. ಫ್ಲಾಪಿಯ ಜಾಗದಲ್ಲಿ ಕ್ಯಾಮೆರಾಕ್ಕೆ ಹಾಕುತ್ತಿದ್ದ ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಕೂರಿಸಿದೆವು. ಒಂದು ರಾತ್ರಿ ಎರಡು ಗಂಟೆಗೆ ತಂತಿಯ ಆಚೆ ತುದಿಯ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು 'ಎ', ಪಕ್ಕದಲ್ಲಿ ಒಂದು ಬಾಣದ ಗುರುತು ಬಂದು ನಿಂತಿತು. ಅಷ್ಟೇ. ಆಜ್ಞೆ ಕೊಡಿ ಅಂತ ಅರ್ಥ. ಪಕ್ಕದ ಮನೆಯವರು ಗೋಡೆ ಗುದ್ದುವಷ್ಟು ಕೂಗಿದೆವು.

ಇಂಥದ್ದು ಸೋತದ್ದು ಯಾಕೆ? 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರ ಜೊತೆ ಬಂದದ್ದು ಮೈಕ್ರೋಸಾಫ್ಟ್‌ನ ಡಾಸ್. ಅದನ್ನು ಮೊದಲು ಬರೆದವನು ಸಿಯಾಟಲ್‌ನ ಟಿಮ್ ಪ್ಯಾಟರ್ಸನ್. ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಐಬಿಎಂ ಬಂದ ದಿನ ಕಿಲ್ಡಾಲ್ ವಿಮಾನ ಹಾರಿಸಲು ಹೋಗಿದ್ದ, ಅದಕ್ಕೇ ಕೆಟ್ಟ ಅನ್ನುವ ಕತೆ ಇವತ್ತಿಗೂ ಓಡಾಡುತ್ತದೆ. ಸೋತವನ ತಲೆಗೆ ತಪ್ಪು ಕಟ್ಟುವ ಇಂಥ ಕತೆಗಳು ನಮಗೆ ಹೊಸವಲ್ಲ. ಎಲ್ಲರಿಗೂ ಕಾಣುವ ಲೆಕ್ಕ ಬೇರೆ ಇದೆ. ಐಬಿಎಂ ಡಾಸ್‌ಗೆ ಇಟ್ಟ ಬೆಲೆ 40 ಡಾಲರ್, ಅದೇ ಯಂತ್ರದ ಸಿಪಿ/ಎಂಗೆ ಇಟ್ಟದ್ದು 240 ಡಾಲರ್. ಕೊಳ್ಳುವವನು ಯಾವುದನ್ನು ಕೊಂಡಾನು? ಆಮೇಲೆ ಅದಕ್ಕೆ 'ಹಳತಾಯಿತು' ಅಂತ ಹೆಸರಿಟ್ಟರು. ಕಿಲ್ಡಾಲ್ 1994ರಲ್ಲಿ ತೀರಿಕೊಂಡ.

ಗೆಳೆಯರೇ, ಇಲ್ಲಿಗೇ ನಿಲ್ಲಿಸಿದ್ದರೆ ಇದು ಹೊಗಳಿಕೆಯ ಬರಹವಾಗುತ್ತಿತ್ತು. ಆದರೆ ನಾವು ಕವಿತೆ ಬರೆಯುವ ಜನ. ಯಂತ್ರ ಎದ್ದು ನಿಂತ ಮೇಲೆ ಮೊದಲು ಟೈಪು ಮಾಡಿದ್ದು 'ಕ'. ಪರದೆಯ ಮೇಲೆ ಒಂದು ಓರೆ ಚುಕ್ಕೆ, ಒಂದು 2, ಒಂದು # ಬಂತು. ಬಂದು, ಬರೆದ ಸಾಲನ್ನೇ ಯಂತ್ರ ಅಳಿಸಿಹಾಕಿತು. ಮತ್ತೆ 'ಕ' ಒತ್ತಿದೆವು. ಮತ್ತೆ ಅಳಿಸಿತು.

ಕಾರಣ ಹುಡುಕಿದೆವು. ಇಂದಿನ ಯೂನಿಕೋಡಿನ ವಾಡಿಕೆಯಂತೆ 'ಕ' ತಂತಿಯ ಮೇಲೆ ಮೂರು ಬೈಟಾಗಿ ಹೋಗುತ್ತದೆ: 224, 178, 149. ಸಿಪಿ/ಎಂ ಗೊತ್ತುಮಾಡಿಕೊಂಡಿರುವುದು ಅಮೆರಿಕದ ಆಸ್ಕಿ ಪಟ್ಟಿಯ 128 ಗುರುತುಗಳನ್ನು, 0ಯಿಂದ 127. ಅದರಾಚೆಯದು ಬಂದರೆ ಎಂಟನೆಯ ಬಿಟ್ಟನ್ನು ಕತ್ತರಿಸುತ್ತದೆ, ಅಂದರೆ 128 ಕಳೆಯುತ್ತದೆ. ಉಳಿದದ್ದು 96, 50, 21. ಈ 21 ಇದೆಯಲ್ಲ, ಸಿಪಿ/ಎಂ ಪಾಲಿಗೆ ಅದು 'ಈ ಸಾಲನ್ನು ಬಿಸಾಕು' ಅನ್ನುವ ಆಜ್ಞೆ. ನಮ್ಮ ಭಾಷೆಯ ಹೆಸರಿನ ಮೊದಲ ಅಕ್ಷರ ಬರೆದರೆ ಸಾಲೇ ಹೋಗುತ್ತದೆ!

ಇದನ್ನು ಬರೆದವನಿಗೆ ಕನ್ನಡದ ಮೇಲೆ ದ್ವೇಷವಿತ್ತೇ? ಖಂಡಿತ ಇಲ್ಲ. ಆ ಕಾಲದ ಟೆಲಿಪ್ರಿಂಟರುಗಳಿಗೆ ಎಂಟನೆಯ ಬಿಟ್ಟು ತಪ್ಪು ಪರೀಕ್ಷಿಸುವ ಗುರುತು. ಅದನ್ನು ಕತ್ತರಿಸುವುದು ಆಗಿನ ಮಾಮೂಲಿ ಕ್ರಮ. 1978ರ ವರ್ಡ್‌ಸ್ಟಾರ್ ಕೂಡ ಆ ಬಿಟ್ಟನ್ನು ತನ್ನ ಸಾಲು ಹೊಂದಿಸುವ ಗುರುತಿಗೆ ಬಳಸಿಕೊಂಡಿತು. ಖಾಲಿ ಇದೆ ಅಂದುಕೊಂಡರು. ಅಲ್ಲಿ ಯಾರಾದರೂ ಇರಬೇಕಾದೀತು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಹೊರಗಿಡಲು ದ್ವೇಷವೇ ಬೇಕಾಗಿಲ್ಲ, ಲೆಕ್ಕಕ್ಕೆ ಹಿಡಿಯದಿದ್ದರೆ ಸಾಕು. ಊರಿನ ನಕ್ಷೆಯಲ್ಲಿ ಕೇರಿ ಬಿಟ್ಟುಹೋಗುವುದೂ ಎಷ್ಟೋ ಸಲ ಹೀಗೆಯೇ.

ಆದರೆ ಒಂದು ವ್ಯತ್ಯಾಸ. ಇದು ಬಿಚ್ಚಿಟ್ಟ ಯಂತ್ರ. ಸಿಪಿ/ಎಂ ಮೂಲ ಬರಹ ಎಲ್ಲರಿಗೂ ಸಿಗುತ್ತದೆ. ಅದನ್ನು ತಿದ್ದಬಹುದು, ಹಂಚಬಹುದು ಅಂತ ಹಕ್ಕುದಾರರು 2022ರಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದ್ದಾರೆ. ಬಿಡಾಸ್ ಭಾಗವನ್ನು ಸಾಲು ಸಾಲಾಗಿ ಓದಿದೆವು. ಸಾಲು ಓದಿಕೊಳ್ಳುವ ಕಡೆ ಆ ಕತ್ತರಿ ಸಿಕ್ಕಿತು. ಎರಡು ಬೈಟಿನ ಆಜ್ಞೆ: 230, 127. ಆ 127ನ್ನು 255 ಮಾಡಿದೆವು. ಒಂದು ಬೈಟು. ಕತ್ತರಿ ಮೊಂಡಾಯಿತು. ಒಂದು ಸಾಲು ಕೇಳಿ ಕಾರ್ಡಿಗೆ ಬರೆದಿಡುವ ಸಣ್ಣ ಪ್ರೋಗ್ರಾಂ ಬರೆದು ಮತ್ತೆ 'ಕ' ಒತ್ತಿದೆವು. 'ಕ' ಬಂತು. ಬಂದು, ಹೋಗದೆ ನಿಂತಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಕ್ಷರದ ಆಕಾರ ಬಿಡಿಸುವುದು ಆಚೆ ತುದಿಯ ಲ್ಯಾಪ್‌ಟಾಪು. ನಮ್ಮ ಯಂತ್ರ ಬೈಟುಗಳನ್ನು ಹೊರುತ್ತದೆ ಅಷ್ಟೇ, ಓದು ಗೊತ್ತಿಲ್ಲದ ಅಜ್ಜಿ ನಮ್ಮ ಪುಸ್ತಕದ ಚೀಲ ಹೊತ್ತು ಶಾಲೆಯ ತನಕ ಬಂದ ಹಾಗೆ. ಒಂದು ಸಲಕ್ಕೆ 255 ಬೈಟು ಮಾತ್ರ ತಗೊಳ್ಳುತ್ತದೆ, ಕೂಡಿಸಿದರೆ 85 ಅಕ್ಷರ, ಅದರಲ್ಲಿ ಒತ್ತು ಗುಣಿತದ ಗುರುತುಗಳೂ ಸೇರುತ್ತವೆ. ಅಳಿಸುವ ಕೀಲಿ ಒತ್ತಿದರೆ ಅಕ್ಷರದ ಮೂರನೆಯ ಒಂದು ಭಾಗ ಅಳಿದು ಸಾಲು ಹಾಳಾಗುತ್ತದೆ. ಹಾಗಾಗಿ ಅಳಿಸದೆ ಬರೆಯಬೇಕು. ಒಂದು ಸಾಲು ಮನಸ್ಸಿನಲ್ಲಿ ಪೂರ್ತಿ ಕೂಡುವ ತನಕ ಬೆರಳು ಎತ್ತುವುದಿಲ್ಲ ಈಗ ನಾವು. ಕವಿತೆಗೆ ಅದು ನಷ್ಟವೇನಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ 3200ರಿಂದ 3327ರ ತನಕ. ಎಣಿಸಿ, 128 ಮನೆ. ಮೊದಲ ಆಸ್ಕಿ ಪಟ್ಟಿಗೆ ಇದ್ದದ್ದೂ ಅಷ್ಟೇ. ಕೊಡಲು ಜಾಗ ಇರಲಿಲ್ಲ ಅಂತಲ್ಲ, ಕೇಳುವವರು ಆ ಕೋಣೆಯೊಳಗೆ ಇರಲಿಲ್ಲ.

ಝಡ್80 ಚಿಪ್ಪಿನ ಮೂಲ ಸಾಲನ್ನು ನಿಲ್ಲಿಸುತ್ತೇವೆಂದು ಝೈಲಾಗ್ 2024ರ ಏಪ್ರಿಲ್‌ನಲ್ಲಿ ತಿಳಿಸಿತು. ಕೊನೆಯ ಬೇಡಿಕೆಗೆ ಗಡುವು ಆ ವರ್ಷದ ಜೂನ್ 14. 48 ವರ್ಷ ದುಡಿದ ಚಿಪ್ಪು. ಆದರೂ ಹಳೆ ಬೋರ್ಡುಗಳಲ್ಲಿ, ಅಂಗಡಿಯ ಡಬ್ಬಗಳಲ್ಲಿ ಅವು ಇನ್ನೂ ಸಿಗುತ್ತವೆ. ನಮ್ಮ ಹತ್ತಿರವೇ ನಾಲ್ಕು ಇವೆ, ನಾಲ್ಕೂ ಪರೀಕ್ಷೆ ಮಾಡಿದವು, ಬೆನ್ನ ಮೇಲಿನ ಹೆಸರೂ ಅವುಗಳದ್ದೇ. ನಕ್ಷೆ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. 17 ಬಾಗಿಲುಗಳ ಲೆಕ್ಕವೂ ಇದೆ. ಬೆಸುಗೆ ಕಡ್ಡಿ ಒಂದೇ ಇರುವುದು, ಸರದಿಯಲ್ಲಿ ಹಿಡಿಯಬೇಕು. ಬೇಕಾದವರು ಬನ್ನಿ, ಮುಟ್ಟಿ ನೋಡಿ. ಕೆಟ್ಟರೆ ರಿಪೇರಿ ಮಾಡುವುದೂ ಈಗ ಗೊತ್ತಿದೆ.